ಎಲ್‌ಎಲ್‌ಪಿ ಮಾಡಿದ್ರೆ ತೋಟ ನಿಜವಾಗ್ಲೂ ಉಳಿಯುತ್ತಾ?

ಆಲ್ದೂರ್ ಹುಡ್ಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ. ನಮ್ದು ಆಲ್ದೂರ್ ಹತ್ರ 6 ಎಕರೆ ತೋಟ, ಜಾಸ್ತಿ ರೋಬಸ್ಟಾನೇ, ಮೇಲ್ಗಡೆ ಒಂದೂವರೆ ಎಕರೆ ಅರೇಬಿಕಾ, ಮರಕ್ಕೆಲ್ಲ ಮೆಣಸು ಹಬ್ಸಿದೀವಿ. ಪಾಲಾದ್ಮೇಲೆ ಪಹಣಿ ನನ್ ಹೆಸರಿಗೇ ಬಂದಿದೆ. ಮನೆ ಪಕ್ಕ 4 ರೂಮಿನ ಹೋಂಸ್ಟೇನೂ ಇದೆ, ವೀಕೆಂಡಲ್ಲಿ ಬೆಂಗಳೂರವ್ರು ಬರ್ತಾರೆ, ತೋಟ ಸುತ್ತಿಸೋಕೆ ಒಂದು ಹಳೇ ಜೀಪಿದೆ.

ಈಗ ನಾನು ನನ್ ಫ್ರೆಂಡು ಸೇರಿ ಚಿಕ್ಕಮಗಳೂರಲ್ಲಿ ಒಂದು ರೋಸ್ಟಿಂಗ್ ಯೂನಿಟ್ ಹಾಕಿ ನಮ್ದೇ ಬ್ರ್ಯಾಂಡಲ್ಲಿ ಕಾಫಿಪುಡಿ ಮಾರ್ಬೇಕು ಅಂತ ಪ್ಲಾನ್ ಮಾಡಿದೀವಿ. ಮಷೀನು, ಶೆಡ್ಡು, ಪ್ಯಾಕಿಂಗು ಎಲ್ಲ ಸೇರಿ 50 ಲಕ್ಷದ ಹತ್ರ ಬರುತ್ತೆ, ಅದ್ರಲ್ಲಿ 35 ಬ್ಯಾಂಕ್ ಲೋನು. ಪಾರ್ಟ್ನರ್‌ಶಿಪ್ ಡೀಡ್ ಬರ್ಸಿ ಶುರು ಮಾಡೋಣ ಅಂತ ಫ್ರೆಂಡ್ ಹೇಳ್ತಿದಾನೆ. ಅಪ್ಪ ಮಾತ್ರ ಪಾರ್ಟ್ನರ್‌ಶಿಪ್ ಅನ್ನೋ ಪದ ಕೇಳಿದ್ರೇನೇ ಊಟ ಬಿಟ್ಟು ಎದ್ದೋಗ್ತಾರೆ.

ಯಾಕಂದ್ರೆ ನಮ್ ದೊಡ್ಡಪ್ಪ ಹಿಂದೆ ಇನ್ನೊಬ್ರ ಜೊತೆ ಪಾರ್ಟ್ನರ್‌ಶಿಪ್ಪಲ್ಲಿ ಬೆಳೆಗಾರ್ರ ಹತ್ರ ಚೆರ್ರಿ ಕೊಂಡು ಮಾರೋ ವ್ಯಾಪಾರ ಮಾಡ್ತಿದ್ರು. 2001-02ರಲ್ಲಿ ಕಾಫಿ ರೇಟು ಪಾತಾಳಕ್ಕೆ ಬಿತ್ತಲ್ಲ, ಆಗ ಗೋಡೌನಲ್ಲಿದ್ದ ಮಾಲು ಕೊಂಡಿದ್ದ ಬೆಲೆಯ ಅರ್ಧಕ್ಕೂ ಹೋಗ್ಲಿಲ್ಲ. ಆ ಪಾರ್ಟ್ನರ್‌ದು ಪೇಟೇಲಿ ಬಾಡಿಗೆ ಮನೆ, ಹೆಸ್ರಲ್ಲಿ ಒಂದು ಗುಂಟೆನೂ ಇಲ್ಲ. ಸಾಲಗಾರ್ರು ಎಲ್ಲ ನಮ್ ದೊಡ್ಡಪ್ಪನ್ನೇ ಹಿಡ್ಕೊಂಡ್ರು, ಲಾಭದಲ್ಲಿ ಅರ್ಧ ಇದ್ದೋರು ನಷ್ಟ ಪೂರ್ತಿ ಕಟ್ಟಿದ್ರು, 8 ಎಕರೆ ಹೋಯ್ತು.

ಈಗ ಆಡಿಟರ್ ಎಲ್‌ಎಲ್‌ಪಿ (ಪಾರ್ಟ್ನರುಗಳ ಹೊಣೆಗೆ ಮಿತಿ ಇರೋ ಪಾರ್ಟ್ನರ್‌ಶಿಪ್) ಮಾಡ್ಕೊಳ್ಳಿ, ವ್ಯಾಪಾರ ಮುಳುಗಿದ್ರೂ ತೋಟಕ್ಕೆ ಯಾರೂ ಬರಲ್ಲ ಅಂತಿದಾರೆ. ನಿಜಾನಾ? ಅಷ್ಟು ಸುಲಭ ಇದ್ರೆ ಎಲ್ರೂ ಅದನ್ನೇ ಮಾಡ್ತಿರ್ಲಿಲ್ವಾ?

ಕೊಟ್ಟಿಗೆಹಾರ ನೀರ್ದೋಸೆ:

ಎಲ್‌ಎಲ್‌ಪಿ ಮಾಡಿ ಗುರು ಟೆನ್ಷನ್ನೇ ಇಲ್ಲ. ಕಂಪ್ನಿ ಸಾಲ ಕಂಪ್ನಿಗೆ, ನಿಮ್ ತೋಟ ನಿಮಗೆ. ಇನ್ನೂ ಭಯ ಇದ್ರೆ ತೋಟನ ಹೆಂಡ್ತಿ ಹೆಸ್ರಿಗೆ ದಾನಪತ್ರ ಮಾಡ್ಸಿ, ಮುಗೀತು ಕಥೆ.

ಆಲ್ದೂರ್ ಹುಡ್ಗ:

ಮದ್ವೆ ಆಗಿಲ್ಲ ಅಣ್ಣ 😄

ಲೆಕ್ಕದ ಗೌಡ್ರು:

ನೀರ್ದೋಸೆಯವ್ರು ಹೇಳಿದ್ದು ಅರ್ಧ ಸರಿ, ಆ ಉಳಿದರ್ಧದಲ್ಲೇ ಜನ ಮನೆ ಕಳ್ಕೊಳ್ಳೋದು. ನಾನು ಹಾಸನದಲ್ಲಿ ಒಬ್ಬ ಸಿಎ ಆಫೀಸಲ್ಲಿ ಕೆಲ್ಸ ಮಾಡೋನು, ಸ್ವಂತ ಸರ್ಟಿಫಿಕೇಟ್ ಇಲ್ಲ, ಆದ್ರೆ ಈ ಫೈಲುಗಳನ್ನ ದಿನಾ ನೋಡ್ತೀನಿ.

ಮೊದ್ಲು ನಿಮ್ ದೊಡ್ಡಪ್ಪನ ವಿಷ್ಯ. ಅದು ಮಾಮೂಲಿ ಪಾರ್ಟ್ನರ್‌ಶಿಪ್, 1932ರ ಕಾಯ್ದೆ. ಅದ್ರಲ್ಲಿ ಫರ್ಮು ಬೇರೆ ಪಾರ್ಟ್ನರ್ ಬೇರೆ ಅಂತಿಲ್ಲ. ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾರ್ಟ್ನರೂ ಒಟ್ಟಾಗೂ ಹೊಣೆ, ಒಬ್ಬೊಬ್ರೂ ಪೂರ್ತಿ ಹೊಣೆ. ಡೀಡಲ್ಲಿ 50-50 ಅಂತ ಬರ್ದಿದ್ದು ನಿಮ್ಮಿಬ್ರ ಮಧ್ಯದ ಲೆಕ್ಕ ಅಷ್ಟೇ, ಸಾಲ ಕೊಟ್ಟೋನಿಗೆ ಅದು ಬೇಕಾಗಿಲ್ಲ, ಅವ್ನು ಯಾರ ಹತ್ರ ಆಸ್ತಿ ಇದ್ಯೋ ಅವ್ರ ಮನೆ ಬಾಗ್ಲಿಗೇ ಬರೋದು. ಡೀಡು ರಿಜಿಸ್ಟರ್ ಮಾಡ್ಸಿದ್ರೂ ಇದು ಬದಲಾಗಲ್ಲ. ನಿಮ್ ಅಪ್ಪ ಊಟ ಬಿಟ್ಟು ಎದ್ದೋಗೋದ್ರಲ್ಲಿ ನ್ಯಾಯ ಇದೆ. ಒಬ್ರೇ ಪ್ರೊಪ್ರೈಟರ್ ಆಗಿ ಮಾಡಿದ್ರೂ ಅಷ್ಟೇ, ಅಲ್ಲಿ ಅಂಗಡಿನೂ ನೀವೇ ಆಸಾಮಿನೂ ನೀವೇ.

ಎಲ್‌ಎಲ್‌ಪಿ 2008ರ ಕಾಯ್ದೆ, 2009ರಿಂದ ಜಾರಿ. ಅದು ಕಾನೂನಿನ ಕಣ್ಣಲ್ಲಿ ಬೇರೆ ವ್ಯಕ್ತಿ, ಅದ್ರ ಹೆಸ್ರಲ್ಲಿ ಆಸ್ತಿ, ಅದ್ರ ಹೆಸ್ರಲ್ಲಿ ಸಾಲ. ನಿಮ್ಗೆ ಪ್ಯಾಕಿಂಗ್ ಕವರ್ ಸಪ್ಲೈ ಮಾಡಿದೋನಿಗೆ 6 ಲಕ್ಷ ಬಾಕಿ ಉಳೀತು, ಬ್ಯುಸಿನೆಸ್ ಮುಚ್ಚೋಯ್ತು ಅಂದ್ಕೊಳ್ಳಿ. ಅವ್ನು ಎಲ್‌ಎಲ್‌ಪಿಯ ಮಷೀನು, ಅಕೌಂಟು, ಸ್ಟಾಕು ಏನಿದ್ಯೋ ಅದ್ರ ಮೇಲೆ ಬರ್ಬೋದು, ನಿಮ್ ತೋಟಕ್ಕೆ ಬರೋಕಾಗಲ್ಲ. ನಿಮ್ ಫ್ರೆಂಡ್ ನಿಮ್ಗೆ ಹೇಳ್ದೆ ಏನೋ ಎಡವಟ್ ಮಾಡಿದ್ರೂ ಆ ತಪ್ಪಿಗೆ ನೀವು ಸ್ವಂತ ಆಸ್ತಿಯಿಂದ ಕಟ್ಬೇಕಾಗಿಲ್ಲ. ಇಷ್ಟು ಮಟ್ಟಿಗೆ ಗೋಡೆ ಗಟ್ಟಿ.

ಆದ್ರೆ ಈ ಗೋಡೆಗೆ ಬಾಗ್ಲು ಇಡೋರು ನೀವೇ. ಆ 35 ಲಕ್ಷ ಎಲ್‌ಎಲ್‌ಪಿ ಹೆಸ್ರಿಗೇ ಕೊಡ್ತಾರೆ, ಆಮೇಲೆ ಒಂದು ಕಟ್ಟು ಪೇಪರ್ ಇಟ್ಟು ಸೈನ್ ಹಾಕಿ ಅಂತಾರೆ, ಅದ್ರಲ್ಲಿ ಪರ್ಸನಲ್ ಗ್ಯಾರಂಟಿ ಇರುತ್ತೆ. ಅದಕ್ಕೆ ಸೈನ್ ಹಾಕಿದ್ರೆ ಆ ಸಾಲದ ಮಟ್ಟಿಗೆ ನೀವು ಎಲ್‌ಎಲ್‌ಪಿ ಮಾಡೇ ಇಲ್ಲ ಅಂದ್ಕೊಳ್ಳಿ. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ, ಒಂದು ರೂಪಾಯಿನೂ ಕಮ್ಮಿ ಇಲ್ಲ. ಬ್ಯಾಂಕು ಮೊದ್ಲು ಎಲ್‌ಎಲ್‌ಪಿ ಮೇಲೆ ಹೋಗಿ ಆಮೇಲೆ ನಿಮ್ಮತ್ರ ಬರ್ಬೇಕು ಅಂತನೂ ಇಲ್ಲ, ಸೀದಾ ನಿಮ್ಮತ್ರನೇ ಬರ್ಬೋದು.

ಅದಕ್ಕೆ ಎಲ್‌ಎಲ್‌ಪಿ ಮಾಡ್ಲಾ ಬೇಡ್ವಾ ಅನ್ನೋದು ಸಣ್ಣ ಪ್ರಶ್ನೆ. ಯಾವ್ ಪೇಪರಿಗೆ ಸೈನ್ ಹಾಕ್ತಿದೀನಿ ಅನ್ನೋದೇ ದೊಡ್ಡ ಪ್ರಶ್ನೆ.

ಬಾಳ್ಳುಪೇಟೆ ಲಾರಿ:

ಗೌಡ್ರು ಹೇಳಿದ್ದು ನನ್ ಮೇಲೆ ನಡ್ದಿದೆ ಸಾರ್. ನಾನು ನಮ್ ಭಾವ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿ ಎರಡು ಲಾರಿ ತಗೊಂಡ್ವಿ, ಶುಂಠಿ ಲೋಡು ಹೊಡೀತಿದ್ವಿ. ಕಂಪ್ನಿ ಮಾಡಿದ್ದೇ ಮನೆ ಸೇಫ್ ಆಗಿರ್ಲಿ ಅಂತ, ಅದಕ್ಕೆ ಅಂತ ಖರ್ಚು ಮಾಡಿ, ಬೋರ್ಡ್ ಬರ್ಸಿ, ವಿಸಿಟಿಂಗ್ ಕಾರ್ಡಲ್ಲಿ ಡೈರೆಕ್ಟರ್ ಅಂತ ಹಾಕ್ಸಿ, ಭಾವ ಅಂತೂ ಆರು ತಿಂಗ್ಳು ಎಂಡಿ ಥರನೇ ಓಡಾಡಿದ್ರು. ಲೋನ್ ದಿನ ಬ್ಯಾಂಕಲ್ಲಿ ಸಿಕ್ಕಾಪಟ್ಟೆ ರಶ್ಶು, ಮೇಡಂ ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕಿ ಇಲ್ಲಿ ಇಲ್ಲಿ ಇಲ್ಲಿ ಅಂತ ತೋರಿಸ್ತಾ ಹೋದ್ರು, ನಾವು ಹಾಕ್ತಾ ಹೋದ್ವಿ, ನಲವತ್ತು ಸೈನ್ ಇರ್ಬೋದು. ಯಾವುದನ್ನೂ ಓದ್ಲಿಲ್ಲ. ಓದ್ತೀನಿ ಅಂದ್ರೆ ಹಿಂದೆ ಕ್ಯೂ ಇತ್ತು.

ಶುಂಠಿ ರೇಟ್ ಬಿತ್ತು, ಲೋಡ್ ಕಮ್ಮಿ ಆಯ್ತು, ಒಂದು ಲಾರಿ ಇಂಜಿನ್ ಕೈ ಕೊಡ್ತು, ಏಳ್ ಕಂತು ನಿಂತೋಯ್ತು. ನೋಟಿಸ್ ಬಂದಾಗ ನಾನು ನಗ್ತಾ ಇದ್ದೆ, ಕಂಪ್ನಿಗಲ್ವಾ ಅಂತ. ಒಡ್ದು ನೋಡಿದ್ರೆ ಒಂದು ಕಂಪ್ನಿ ಹೆಸ್ರಿಗೆ, ಒಂದು ನನ್ ಹೆಸ್ರಿಗೆ, ಒಂದು ಭಾವನ ಹೆಸ್ರಿಗೆ, ಒಂದು ನಮ್ ಅಮ್ಮನ ಹೆಸ್ರಿಗೆ. ಅಮ್ಮ ಅವತ್ತು ಸುಮ್ನೆ ಆಧಾರ್ ಕಾರ್ಡ್ ತಗೊಂಡು ಜೊತೇಲಿ ಬಂದಿದ್ರು ಅಷ್ಟೇ, ಮನೆ ಅವ್ರ ಹೆಸ್ರಲ್ಲಿತ್ತು. ಅವ್ರೂ ಗ್ಯಾರಂಟರ್ ಅಂತ ನನಗೆ ಗೊತ್ತಾಗಿದ್ದೇ ಆ ನೋಟಿಸಲ್ಲಿ. ಕೊನೆಗೆ ಲಾರಿ ಎರಡೂ ಮಾರಿ ಸ್ವಲ್ಪ ಒಡ್ವೆನೂ ಹೋಗಿ ಒನ್ ಟೈಮ್ ಸೆಟ್ಲ್‌ಮೆಂಟ್ ಆಯ್ತು, ಮನೆ ಉಳೀತು. ಅಮ್ಮ ಈಗ್ಲೂ ಪೋಸ್ಟ್‌ಮ್ಯಾನ್ ಬಂದ್ರೆ ಒಳಗೆ ಹೋಗ್ತಾರೆ.

ದಯವಿಟ್ಟು ಓದಿ ಸೈನ್ ಹಾಕಿ. ಕ್ಯೂ ನಿಂತ್ಕೊಳ್ಳಿ ಬಿಡಿ.

ಆಲ್ದೂರ್ ಹುಡ್ಗ:

ಅಯ್ಯೋ ಅಣ್ಣ 😔 ಓದಿ ಕೈಕಾಲ್ ತಣ್ಣಗಾಯ್ತು. ಗೌಡ್ರೇ ಹಾಗಾದ್ರೆ ಗ್ಯಾರಂಟಿ ಇಲ್ದೆ ಲೋನೇ ಸಿಗಲ್ವಾ? ತೋಟ ಅಡ ಇಡ್ಲೇಬೇಕಾ? ಮತ್ತೆ ಕೃಷಿ ಜಮೀನು ಹರಾಜ್ ಹಾಕೋ ಹಾಗಿಲ್ಲ ಅಂತ ಯಾರೋ ಹೇಳಿದ್ರಲ್ಲ?

ಲೆಕ್ಕದ ಗೌಡ್ರು:

ಸಿಜಿಟಿಎಂಎಸ್‌ಇ ಅಂತ ಸರ್ಕಾರದ ಗ್ಯಾರಂಟಿ ಸ್ಕೀಮಿದೆ, 2000ನೇ ಇಸ್ವಿಯಿಂದ ಇದೆ, ಸಣ್ಣ ಉದ್ದಿಮೆಗೆ. ನಿಮ್ 35 ಲಕ್ಷ ಅದ್ರೊಳಗೆ ಆರಾಮಾಗಿ ಬರುತ್ತೆ. ಅದ್ರಲ್ಲಿ ಕೊಟ್ಟ ಸಾಲಕ್ಕೆ ಜಮೀನು ಅಡ ಕೇಳೋ ಹಾಗಿಲ್ಲ, ಹೊರಗಿನವ್ರ ಜಾಮೀನೂ ಕೇಳೋ ಹಾಗಿಲ್ಲ. ಹೊರಗಿನವ್ರು ಅಂದ್ರೆ ವ್ಯಾಪಾರದಲ್ಲಿ ಪಾಲಿಲ್ದೋರು, ನಿಮ್ ಅಪ್ಪ ಅಮ್ಮನೂ ಅದ್ರಲ್ಲೇ ಬರ್ತಾರೆ. ಆದ್ರೆ ಪಾರ್ಟ್ನರುಗಳದ್ದೇ ಸ್ವಂತ ಗ್ಯಾರಂಟಿನ ಬ್ಯಾಂಕು ಕೇಳುತ್ತೆ, ಹೆಚ್ಚು ಕಮ್ಮಿ ಎಲ್ಲಾ ಕಡೆ ಕೇಳ್ತಾರೆ, ಅದು ಸ್ಕೀಮಿಗೆ ವಿರುದ್ಧ ಅಲ್ಲ. ಮತ್ತೆ ತುಂಬಾ ಜನ ತಪ್ಪು ತಿಳ್ಕೊಳ್ಳೋದೇನಂದ್ರೆ, ಸರ್ಕಾರ ಗ್ಯಾರಂಟಿ ಕೊಟ್ಟಿದೆ ಅಂದ್ರೆ ನಾವ್ ಕಟ್ಟದಿದ್ರೆ ಸರ್ಕಾರ ಕಟ್ಟುತ್ತೆ ನಾವು ಬಚಾವ್ ಅಂತ. ಹಂಗಲ್ಲ, ಅದು ಬ್ಯಾಂಕಿಗೆ ಧೈರ್ಯ, ನಿಮ್ ಮೇಲಿನ ವಸೂಲಿ ನಿಲ್ಲಲ್ಲ.

ಆದ್ರೂ ವ್ಯತ್ಯಾಸ ದೊಡ್ಡದು. ತೋಟ ಅಡ ಇಟ್ರೆ ಅದು ಮೊದ್ಲಿಂದ್ಲೇ ಬ್ಯಾಂಕಿನ ಹಗ್ಗದಲ್ಲಿ. ಬರೀ ಗ್ಯಾರಂಟಿ ಆದ್ರೆ ಅವ್ರು ಕೇಸ್ ಹಾಕಿ ಗೆದ್ದು ಆಮೇಲೆ ಜಪ್ತಿಗೆ ಬರ್ಬೇಕು, ಅಷ್ಟರಲ್ಲಿ ಮಾತುಕತೆಗೆ ಟೈಮ್ ಇರುತ್ತೆ.

ಕೃಷಿ ಜಮೀನಿನ ವಿಷ್ಯ ಅರ್ಧಂಬರ್ಧ ಕೇಳಿದೀರಿ. 2002ರ ಸರ್ಫೇಸಿ ಕಾಯ್ದೇಲಿ ಕೋರ್ಟಿಗೆ ಹೋಗ್ದೇನೇ ಬ್ಯಾಂಕು ಅಡ ಇಟ್ಟ ಆಸ್ತಿ ಹರಾಜ್ ಹಾಕ್ಬೋದು, ಕೃಷಿ ಭೂಮಿಗೆ ಅದ್ರಿಂದ ವಿನಾಯ್ತಿ ಇರೋದು ನಿಜ. ಆದ್ರೆ ಕಾಫಿ ತೋಟಗಳಿಗೂ ಸರ್ಫೇಸಿ ನೋಟಿಸ್ ಬರೋದು, ಬೆಳೆಗಾರ್ರ ಸಂಘದವ್ರು ಅದ್ರ ವಿರುದ್ಧ ಕೂಗಾಡೋದು ನಮ್ ಎರಡೂ ಜಿಲ್ಲೇಲಿ ಹೊಸದಲ್ಲ, ಪೇಪರಲ್ಲಿ ನೀವೂ ನೋಡಿರ್ತೀರಿ. ಮತ್ತೆ ವಿನಾಯ್ತಿ ಅಂದ್ರೆ ಆ ಒಂದು ದಾರಿ ಬಂದ್ ಅಂತ ಅಷ್ಟೇ. 20 ಲಕ್ಷದ ಮೇಲಿನ ಬಾಕಿಗೆ ಡಿಆರ್‌ಟಿ ಇದೆ, ಅಂದ್ರೆ ಬ್ಯಾಂಕ್ ಸಾಲ ವಸೂಲಿಗೆ ಅಂತಾನೇ ಇರೋ ಟ್ರಿಬ್ಯುನಲ್. ನಮ್ದು ಕೃಷಿ ಜಮೀನು ಅಂತ ಎದೆ ಉಬ್ಬಿಸ್ಕೊಂಡು ಸೈನ್ ಹಾಕ್ಬೇಡಿ.

ಕರಿಕೋಟು:

ಕೋರ್ಟ್ ಕಡೆಯಿಂದ ಎರಡು ಮಾತು.

ಹೆಂಡ್ತಿ ಹೆಸ್ರಿಗೆ ದಾನಪತ್ರ ಅನ್ನೋ ಐಡಿಯಾ ನಮ್ ಕಡೆ ಪ್ರತಿ ಮದ್ವೆ ಮನೆ ಪಂಕ್ತೀಲೂ ಯಾರಾದ್ರೂ ಒಬ್ರು ಹೇಳ್ತಾರೆ. ಸಾಲಗಾರ್ರಿಗೆ ಸಿಗ್ಬಾರ್ದು ಅನ್ನೋ ಉದ್ದೇಶದಿಂದ ಆಸ್ತಿ ವರ್ಗ ಮಾಡಿದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ 53ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟೋನು ಅದನ್ನ ರದ್ದು ಮಾಡ್ಸಬಹುದು. ನೋಟಿಸ್ ಬಂದ ವಾರದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಡಿದ್ರೆ ಜಡ್ಜಿಗೆ ಬೇರೆ ಸಾಕ್ಷಿನೇ ಬೇಡ, ತಾರೀಕೇ ಸಾಕ್ಷಿ.

ಇನ್ನು ಕಂಪ್ನಿ ಬೇರೆ ಮಾಲೀಕ ಬೇರೆ ಅನ್ನೋದು ನಿನ್ನೆ ಮೊನ್ನೆಯ ಮಾತಲ್ಲ. ಲಂಡನ್ನಲ್ಲಿ ಸಾಲೊಮನ್ ಅಂತ ಒಬ್ಬ ಬೂಟು ಮಾಡೋನಿದ್ದ, ಹೆಂಡ್ತಿ ಮಕ್ಕಳನ್ನೇ ಷೇರುದಾರರು ಮಾಡಿ ತನ್ನ ಅಂಗಡಿನ ಕಂಪ್ನಿ ಮಾಡಿದ. ಕಂಪ್ನಿ ಮುಳುಗ್ತು, ಸಾಲಗಾರ್ರು ಇದು ಬರೀ ಮುಖವಾಡ, ದುಡ್ಡು ಇವನೇ ಕೊಡ್ಲಿ ಅಂದ್ರು. 1897ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕಂಪ್ನಿ ಬೇರೆ, ಸಾಲೊಮನ್ ಬೇರೆ ಅಂತ ತೀರ್ಪು ಕೊಡ್ತು. ನಮ್ ಲಾ ಕಾಲೇಜಲ್ಲಿ ಕಂಪ್ನಿ ಕಾನೂನು ಶುರುವಾಗೋದೇ ಈ ಬೂಟಿನ ಅಂಗಡಿಯಿಂದ. ನಮ್ ದೇಶದಲ್ಲೂ ಅದೇ ತತ್ವ, ಆದ್ರೆ ಮೋಸ ಮಾಡೋಕೆ ಅಂತಾನೇ ಎಲ್‌ಎಲ್‌ಪಿ ನಡೆಸಿದ್ರೆ ಹೊಣೆಗೆ ಮಿತಿ ಇರಲ್ಲ, ಕಾಯ್ದೇಲೇ ಬರ್ದಿದೆ.

ನಿಮ್ಮ ಸ್ವಂತ ತಪ್ಪಿಗೂ ಗೋಡೆ ಇಲ್ಲ. ಫ್ರೆಂಡ್ ತಪ್ಪಿಗೆ ನೀವು ಹೊಣೆ ಅಲ್ಲ, ನಿಮ್ ತಪ್ಪಿಗೆ ನೀವೇ. ಉದಾಹರಣೆಗೆ ಚಿಕೋರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಮ್ಮಿ ಇರೋ ಹಾಗಿಲ್ಲ, ಎಷ್ಟೆಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೀಬೇಕು. ರೇಟ್ ಏರಿದಾಗ ಚಿಕೋರಿ ಜಾಸ್ತಿ ಹಾಕಿ ಪ್ಯೂರ್ ಕಾಫಿ ಅಂತ ಮಾರಿದ್ರೆ ಕೇಸು ಎಲ್‌ಎಲ್‌ಪಿ ಮೇಲಷ್ಟೇ ಅಲ್ಲ, ಯೂನಿಟ್ ನೋಡ್ಕೊಳ್ತಿದ್ದ ಮನುಷ್ಯನ ಮೇಲೂ ಬೀಳುತ್ತೆ. ಚೆಕ್ ಬೌನ್ಸೂ ಅಷ್ಟೇ, ಸೈನ್ ಹಾಕಿದೋನು ಕಟಕಟೇಲಿ ನಿಲ್ಬೇಕು.

ಮತ್ತೆ ನನಗೆ ರೋಸ್ಟಿಂಗ್ ಯೂನಿಟ್‌ಗಿಂತ ಜಾಸ್ತಿ ಭಯ ಆಗಿದ್ದು ಪ್ರಶ್ನೇಲಿ ಸುಮ್ನೆ ಒಂದು ಮಾತಲ್ಲಿ ಬಂದು ಹೋದ ಆ ಜೀಪು. ವೈಟ್ ಬೋರ್ಡಾ?

ಆಲ್ದೂರ್ ಹುಡ್ಗ:

ಹೌದು ಸಾರ್ ವೈಟ್ ಬೋರ್ಡೇ. ಒಂದು ರೌಂಡಿಗೆ ಸ್ವಲ್ಪ ಚಾರ್ಜ್ ಮಾಡ್ತೀವಿ. ನಮ್ ಕಡೆ ಎಲ್ರೂ ಹಂಗೇ ಮಾಡೋದು.

ಕರಿಕೋಟು:

ಎಲ್ರೂ ಮಾಡ್ತಾರೆ, ಆಕ್ಸಿಡೆಂಟ್ ಮಾತ್ರ ಒಬ್ರಿಗೇ ಆಗುತ್ತೆ. ಪ್ರೈವೇಟ್ ರಿಜಿಸ್ಟ್ರೇಷನ್ ಗಾಡೀಲಿ ಬಾಡಿಗೆಗೆ ಜನ ಕೂರಿಸಿದ್ರೆ ಪಾಲಿಸಿ ಷರತ್ತು ಮುರ್ದ ಹಾಗೆ, ಇನ್ಶೂರೆನ್ಸ್ ಕಂಪ್ನಿ ನಾವ್ ಕೊಡಲ್ಲ ಅನ್ಬೋದು, ಇಲ್ಲ ಮೊದ್ಲು ಪೆಟ್ಟಾದವ್ರಿಗೆ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡ್ಬೋದು. ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ಬೆನ್ನುಮೂಳೆ ಪೆಟ್ಟಾಯ್ತು ಅಂದ್ಕೊಳ್ಳಿ, ಪರಿಹಾರ ಲೆಕ್ಕ ಹಾಕೋದು ಅವ್ನ ಸಂಬಳದ ಮೇಲೆ, ನಿಮ್ ಜೀಪಿನ ರೇಟಿನ ಮೇಲಲ್ಲ. ಜೀಪು ನಿಮ್ ಹೆಸ್ರಲ್ಲಿ, ತೋಟ ನಿಮ್ ಹೆಸ್ರಲ್ಲಿ. ಊರಲ್ಲಿ ಕಾಫಿಪುಡಿ ಎಲ್‌ಎಲ್‌ಪಿ ಇದ್ರೆ ಇದಕ್ಕೇನ್ ಉಪಯೋಗ?

ಹಳದಿ ಬೋರ್ಡಿರೋ ಬೇರೆಯವ್ರ ಜೀಪನ್ನ ಗೆಸ್ಟ್‌ಗಳಿಗೆ ಕರ್ಸಿ ಕೊಡಿ. ಹೋಂಸ್ಟೇಗೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಮಾಡ್ಸಿ, ಮಳೆಗಾಲದಲ್ಲಿ ಪಾಚಿ ಮೆಟ್ಲು ಮೇಲೆ ಯಾರೋ ಜಾರಿದ್ರೂ ಅದು ಬೇಕಾಗುತ್ತೆ.

ಲೆಕ್ಕದ ಗೌಡ್ರು:

ಕರಿಕೋಟು ಸಾರ್ ಹೇಳಿದ್ದು ನೂರಕ್ಕೆ ನೂರು. ಹೋಂಸ್ಟೇನೂ ಎಲ್‌ಎಲ್‌ಪಿಗೆ ಹಾಕ್ಲಾ ಅಂತ ಮುಂದೆ ಕೇಳ್ತೀರಿ ಅಂತ ಗೊತ್ತು 😀 ಹೋಂಸ್ಟೇ ರಿಜಿಸ್ಟ್ರೇಷನ್ನಿಗೆ ಮಾಲೀಕರು ಅಲ್ಲೇ ವಾಸ ಇರ್ಬೇಕು, ಅದೇ ಅದ್ರ ಜೀವಾಳ. ಅದು ನಿಮ್ ಹೆಸ್ರಲ್ಲೇ ಇರ್ಲಿ, ಇನ್ಶೂರೆನ್ಸ್ ಇಟ್ಕೊಳ್ಳಿ.

ತೋಟನೂ ಎಲ್‌ಎಲ್‌ಪಿಗೆ ಬಂಡವಾಳ ಅಂತ ಹಾಕ್ಬೇಡಿ. ಹಾಕಿದ್ರೆ ಉಳಿಸ್ಬೇಕು ಅಂದ್ಕೊಂಡಿದ್ದನ್ನೇ ಒಯ್ದು ಸಾಲಗಾರ್ರ ಮುಂದೆ ಇಟ್ಟಂಗೆ. ತೋಟ ನಿಮ್ದು, ಕಾಫಿ ನೀವು ಎಲ್‌ಎಲ್‌ಪಿಗೆ ಬಿಲ್ ಹಾಕಿ ಮಾರಿ. ಆದ್ರೆ ಟ್ಯಾಕ್ಸ್ ಲೆಕ್ಕ ಒಂದಿದೆ ನೋಡ್ಕೊಳ್ಳಿ. ಬೆಳೆದೋರೇ ಹುರ್ದು ಪುಡಿ ಮಾಡಿ ಮಾರಿದ್ರೆ ಆ ಆದಾಯದಲ್ಲಿ 40 ಪರ್ಸೆಂಟಿಗೆ ಮಾತ್ರ ಇನ್‌ಕಂ ಟ್ಯಾಕ್ಸು, ಉಳಿದ 60 ಕೃಷಿ ಆದಾಯ. ಎಲ್‌ಎಲ್‌ಪಿ ಬೆಳೆಗಾರ ಅಲ್ವಲ್ಲ, ಅದು ಕೊಂಡು ಹುರಿಯೋದು, ಅದ್ರ ಲಾಭ ಪೂರ್ತಿ ವ್ಯಾಪಾರದ ಆದಾಯ, 30 ಪರ್ಸೆಂಟ್ ಮತ್ತೆ ಸೆಸ್ಸು. ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಇಂತಿಷ್ಟು ಪರ್ಸೆಂಟ್ ಲಾಭ ಅಂತ ತೋರಿಸೋ ಸುಲಭದ ಸ್ಕೀಮಿದ್ಯಲ್ಲ, ಅದೂ ಎಲ್‌ಎಲ್‌ಪಿಗಿಲ್ಲ. ಗೋಡೆಗೆ ಬಾಡಿಗೆ ಕಟ್ತಿದೀನಿ ಅಂದ್ಕೊಳ್ಳಿ.

ಆಮೇಲೆ ಗೋಡೆ ಕಟ್ಟಿದ್ಮೇಲೆ ಬಿರುಕು ಬಿಡದಂಗೆ ನೋಡ್ಕೋಬೇಕು. ವರ್ಷಾ ಮೇ 30ರೊಳಗೆ ಫಾರ್ಮ್ 11 (ವಾರ್ಷಿಕ ರಿಟರ್ನ್), ಅಕ್ಟೋಬರ್ 30ರೊಳಗೆ ಫಾರ್ಮ್ 8 (ಲೆಕ್ಕಪತ್ರ), ವ್ಯಾಪಾರ ಸೊನ್ನೆ ಇದ್ರೂ ಹಾಕ್ಬೇಕು, ಮರ್ತ್ರೆ ಲೇಟ್ ಫೀ ಏರ್ತಾ ಹೋಗುತ್ತೆ. ವಹಿವಾಟು 40 ಲಕ್ಷ ಇಲ್ಲಾ ಬಂಡವಾಳ 25 ಲಕ್ಷ ದಾಟಿದ್ರೆ ಆಡಿಟ್ ಕಡ್ಡಾಯ, ಪ್ರೈವೇಟ್ ಲಿಮಿಟೆಡ್ ಆದ್ರೆ ಮೊದ್ಲ ರೂಪಾಯಿಂದ್ಲೇ ಆಡಿಟ್, ಅದಕ್ಕೇ ನಿಮ್ ಆಡಿಟರ್ ಎಲ್‌ಎಲ್‌ಪಿ ಅಂದಿರೋದು. ಬಿಲ್ಲು, ಲೆಟರ್‌ಹೆಡ್ಡು ಎಲ್ಲದ್ರಲ್ಲೂ ಎಲ್‌ಎಲ್‌ಪಿ ಅಂತ ಹೆಸ್ರು, ರಿಜಿಸ್ಟ್ರೇಷನ್ ನಂಬರು, ಸೀಮಿತ ಹೊಣೆ ಅನ್ನೋ ಮಾತು ಇರ್ಲೇಬೇಕು. ಬರೀ ನಿಮ್ ಹೆಸ್ರಲ್ಲಿ ಸೈನ್ ಹಾಕಿ ಮಾಲ್ ತಗೊಂಡ್ರೆ, ಕೊಟ್ಟೋನು ನಾನು ಆಲ್ದೂರ್ ಹುಡುಗನಿಗೆ ಕೊಟ್ಟಿದ್ದು ಅಂತಾನೆ. ಅಕೌಂಟಂತೂ ಬೇರೆನೇ ಇರ್ಬೇಕು, ತೋಟದ ಆಳಿನ ಸಂಬಳ ಎಲ್‌ಎಲ್‌ಪಿ ಅಕೌಂಟಿಂದ, ಕವರಿನ ದುಡ್ಡು ನಿಮ್ ಫೋನ್‌ಪೇಯಿಂದ, ಇದು ನಮ್ ಆಫೀಸಿಗೆ ಬರೋ ಪ್ರತಿ ಎರಡ್ನೇ ಫೈಲಿನ ಕಥೆ.

ಇನ್ನೊಂದು ಯಾರೂ ಹೇಳಲ್ಲ. ಫ್ರೆಂಡು ಬಿಟ್ಟು ಹೋಗಿ ನೀವು ಒಬ್ರೇ ಪಾರ್ಟ್ನರ್ ಉಳಿದು ಆರು ತಿಂಗ್ಳು ಮೀರಿದ್ರೂ ಗೊತ್ತಿದ್ದೂ ಹಂಗೇ ನಡೆಸಿದ್ರೆ, ಆಮೇಲಿನ ಸಾಲಕ್ಕೆ ನೀವೇ ಸ್ವಂತ ಹೊಣೆ. ಅವ್ನು ಹೋದ್ರೆ ಅಷ್ಟರೊಳಗೆ ಇನ್ನೊಬ್ರನ್ನ ಸೇರಿಸ್ಕೊಳ್ಳಿ.

ಆಲ್ದೂರ್ ಹುಡ್ಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೂರ್ ದಿನ ಆಯ್ತು ಅಪ್‌ಡೇಟ್ ಹಾಕ್ತಿದೀನಿ. ಬ್ಯಾಂಕಿಂದ ಡ್ರಾಫ್ಟ್ ಸ್ಯಾಂಕ್ಷನ್ ಲೆಟರ್ ಈಸ್ಕೊಂಡು ಬಂದೆ, ಮ್ಯಾನೇಜರ್ ಮುಖ ಸ್ವಲ್ಪ ಸಿಂಡರಿಸ್ಕೊಂಡೇ ಕೊಟ್ರು. ರಾತ್ರಿ ಕೂತು ಒಂದೊಂದೇ ಲೈನ್ ಓದಿದೆ. ಸಿಜಿಟಿಎಂಎಸ್‌ಇ ಅಂತ ಮೊದ್ಲ ಪುಟದಲ್ಲೇ ಇದೆ. ಒಳಗೆ ಗ್ಯಾರಂಟರ್ ಅಂತ ನಾನು, ಫ್ರೆಂಡು, ಅಷ್ಟೇ ಅಲ್ಲ ನಮ್ ಅಪ್ಪನ ಹೆಸ್ರೂ ಇದೆ! ಅಪ್ಪ ಆ ಬ್ಯಾಂಕಿಗೆ ಕಾಲೇ ಇಟ್ಟಿಲ್ಲ. ಬಾಳ್ಳುಪೇಟೆ ಅಣ್ಣನ ಅಮ್ಮನ ಕಥೆ ಓದಿಲ್ದೇ ಇದ್ರೆ ಆ ಪುಟ ನಾನು ತಿರುಗಿಸ್ತಾನೂ ಇರ್ಲಿಲ್ಲ.

ಲೆಕ್ಕದ ಗೌಡ್ರು:

ಅಪ್ಪನ ಹೆಸ್ರು ತೆಗೆಸಿ, ಸ್ಕೀಮ್ ಹೆಸ್ರು ಹೇಳಿ ಲೆಟರ್ ಬರ್ದು ಕೊಡಿ, ಬಾಯಲ್ಲಿ ಬೇಡ. ಸೀಲ್ ಹಾಕ್ಸಿ ಕಾಪಿ ಇಟ್ಕೊಳ್ಳಿ.

ಆಲ್ದೂರ್ ಹುಡ್ಗ:

ಸೋಮವಾರ ಹೋಗ್ತೀನಿ. ಅಪ್ಪನೂ ಬರ್ತೀನಿ ಅಂತಿದಾರೆ, ಆಧಾರ್ ಕಾರ್ಡ್ ಮನೇಲೇ ಇಟ್ಟು ಬನ್ನಿ ಅಂದಿದೀನಿ. ಜೀಪು ಶೆಡ್ಡಿಗೆ ಹೋಯ್ತು.

ಕೊಟ್ಟಿಗೆಹಾರ ನೀರ್ದೋಸೆ:

ಗೌಡ್ರೇ ಒಂದ್ ಡೌಟು. ನಮ್ದು 11 ವರ್ಷದ ಪಾರ್ಟ್ನರ್‌ಶಿಪ್ ಫರ್ಮು, ಮೆಣಸು ವ್ಯಾಪಾರ, ಸ್ವಲ್ಪ ಸಾಲನೂ ಇದೆ. ಈಗ ಅದನ್ನೇ ಎಲ್‌ಎಲ್‌ಪಿಗೆ ಕನ್ವರ್ಟ್ ಮಾಡಿದ್ರೆ ಹಳೇ ಸಾಲದಿಂದ ಬಚಾವಾ?

ಲೆಕ್ಕದ ಗೌಡ್ರು:

ಇಲ್ಲ ಸಾರ್. ಕನ್ವರ್ಟ್ ಆಗೋಕ್ ಮುಂಚಿನ ಸಾಲಕ್ಕೆ ಹಳೇ ಪಾರ್ಟ್ನರುಗಳು ಸ್ವಂತವಾಗಿ ಹೊಣೆಯಾಗೇ ಇರ್ತಾರೆ, ಕನ್ವರ್ಷನ್ ಆದ ದಿನದಿಂದ ಮುಂದಿನದ್ದಕ್ಕೆ ಮಾತ್ರ ಗೋಡೆ. ಮತ್ತೆ ಆ ದಾನಪತ್ರ ಮಾಡ್ಸಿಲ್ಲ ತಾನೆ?

ಕೊಟ್ಟಿಗೆಹಾರ ನೀರ್ದೋಸೆ:

ಹೋದ ತಿಂಗ್ಳು ಮಾಡ್ಸಿದೆ 🙈 ಕರಿಕೋಟು ಸಾರ್, ಇನ್‌ಬಾಕ್ಸಿಗೆ ಬರ್ಲಾ?